ಸಹಾಯ ಬೇಕು: ಕುಮಟಾ ಕಡೆ ಇನ್ಸುಲಿನ್ ಪಂಪ್ ಬಳಸುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಟೈಪ್ ಒನ್ ಡಯಾಬಿಟಿಸ್. ಆರನೇ ಕ್ಲಾಸು. ಈಗ ಪೆನ್ನಿನಲ್ಲಿ ಇನ್ಸುಲಿನ್, ತೋಳಿಗೆ ಶುಗರ್ ನೋಡುವ ಸೆನ್ಸರ್. ಪಂಪ್ (ಸಣ್ಣ ಪೈಪಿನಿಂದ ಮೈಗೆ ಇನ್ಸುಲಿನ್ ಬಿಡುವ ಯಂತ್ರ) ಹಾಕಿಸಬಹುದು ಅಂತ ಡಾಕ್ಟರು ಹೇಳಿದ್ದಾರೆ. ಸೆನ್ಸರ್ ನೋಡಿಕೊಂಡು, ಶುಗರ್ ಇಳಿಯುವ ಹಾಗಿದ್ದರೆ ತಾನೇ ಇನ್ಸುಲಿನ್ ನಿಲ್ಲಿಸುವ ಥರದ್ದು.

ಕೇಳಲು ಚೆನ್ನಾಗಿದೆ. ಆದರೆ ಪಂಪಿನಲ್ಲಿ ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ ಇರುತ್ತದೆ ಅಲ್ವಾ? ನಿಧಾನ ಕೆಲಸ ಮಾಡುವ ಇನ್ಸುಲಿನ್ ಮೈಯಲ್ಲಿ ಇರುವುದಿಲ್ಲ, ಹಾಗಾಗಿ ಪೈಪ್ ಬ್ಲಾಕ್ ಆದರೆ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ) ಏರುತ್ತದೆ. ಚರ್ಮಕ್ಕೆ ಹಾಕುವ ಸೆಟ್ಟನ್ನು 2–3 ದಿನಕ್ಕೊಮ್ಮೆ ಬದಲಿಸಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ಘಟ್ಟ ಬಂದಾದರೆ, ಕೊರಿಯರ್ ನಿಂತರೆ ಏನು ಮಾಡುತ್ತೀರಿ? ಎಷ್ಟು ಸೆಟ್ ಸ್ಟಾಕ್ ಇಟ್ಟುಕೊಳ್ಳುತ್ತೀರಿ? ಕಾರವಾರ, ಶಿರಸಿಯ ಅಂಗಡಿಗಳಲ್ಲಿ ಸಿಗುತ್ತದಾ, ಇಲ್ಲಾ ಹುಬ್ಬಳ್ಳಿ, ಮಂಗಳೂರಿನಿಂದಲೇ ತರಿಸಬೇಕಾ?

ಇನ್ನೊಂದು, ಅಂಟಿನ ಕಥೆ. ನಮ್ಮ ಸೆಕೆಗೆ 14 ದಿನದ ಸೆನ್ಸರ್ ಅರ್ಧಕ್ಕೇ ಏಳುತ್ತದೆ. ಕಬಡ್ಡಿ ಆಡಿ ಬಂದರಂತೂ ಮುಗಿಯಿತು, ಪಟ್ಟಿಯ ಅಂಚು ಮಡಚಿಕೊಂಡು ಅದಕ್ಕೆ ಅಂಗಿಯ ನೂಲು, ಮಣ್ಣು ಎಲ್ಲ ಮೆತ್ತಿರುತ್ತದೆ. ಮೇಲಿಂದ ಹಾಕಲು ಯಾವ ಟೇಪ್ ನಿಲ್ಲುತ್ತದೆ? ಪಂಪಿನ ಸೆಟ್ಟೂ ಹೀಗೇ ಏಳುತ್ತದಾ?

ಸೆನ್ಸರ್ ಶುಗರ್ ಲೆಕ್ಕ ಕಳಿಸುವ ಫೋನ್ ಶಾಲೆಯಲ್ಲಿ ಟೀಚರ್ ಮೇಜಿನಲ್ಲಿರುತ್ತದೆ. ಇವಳು ಮೈದಾನಕ್ಕೆ ಹೋದರೆ ಬ್ಲೂಟೂತ್ ಕಟ್, ನನಗೆ ಅಲಾರಂ ಬರುವುದೇ ಇಲ್ಲ. ನಿಮ್ಮ ಮಕ್ಕಳ ಶಾಲೆಯಲ್ಲಿ ಏನು ವ್ಯವಸ್ಥೆ ಮಾಡಿದ್ದೀರಿ? (ಸಿಹಿ ತಿಂಡಿ ತೊಡದೇವು ತಿಂದ ದಿನ ಎಷ್ಟು ಯುನಿಟ್ ಇನ್ಸುಲಿನ್ ಅನ್ನುವುದು ಇನ್ನೊಂದು ದೊಡ್ಡ ಪ್ರಶ್ನೆ, ಅದು ಬಿಡಿ.)

ಕಷಾಯ, ಹಸಿಮದ್ದಿನ ಸಲಹೆ ದಯವಿಟ್ಟು ಬೇಡ. ಇನ್ಸುಲಿನ್ ನಿಲ್ಲಿಸಿದರೆ ಮಗುವಿನ ಜೀವಕ್ಕೇ ಅಪಾಯ. ಬಳಸಿದವರು ಮಾತ್ರ ಬರೆಯಿರಿ. ಬೈಕಿನಲ್ಲಿ ಹೋಗುವಷ್ಟು ಹತ್ತಿರದವರಾದರೆ ಮಗಳನ್ನೂ ಕರೆದುಕೊಂಡು ಬಂದು ಒಮ್ಮೆ ನೋಡುತ್ತೇವೆ.