ಬೌದ್ಧ ‘ಮೋಹ’ಕ್ಕೆ ಕನ್ನಡದಲ್ಲಿ ಯಾವ ಪದ?

ಮಾನ್ಯರೆ,

ಕಲಬುರಗಿಯ ನಮ್ಮ ಓದುಬಳಗದಲ್ಲಿ ಪಾಲಿ ಸುತ್ತಗಳನ್ನು, ಎಂದರೆ ಬುದ್ಧನ ಉಪದೇಶಗಳನ್ನು, ಕನ್ನಡದಲ್ಲಿ ಬಿಡಿಸಿ ಹೇಳಿಕೊಳ್ಳುತ್ತ ಓದುತ್ತಿದ್ದೇವೆ. ಮನುಷ್ಯ ಇನ್ನೊಬ್ಬರಿಗೆ ಯಾಕೆ ಕೇಡು ಬಗೆಯುತ್ತಾನೆ ಎಂಬುದಕ್ಕೆ ಆ ಸುತ್ತಗಳ ಸಂಗ್ರಹಗಳಲ್ಲೊಂದಾದ ಅಂಗುತ್ತರ ನಿಕಾಯವು ಲೋಭ, ದೋಸ, ಮೋಹ ಎಂಬ ಮೂರು ಅಕುಶಲ ಮೂಲಗಳನ್ನು, ಎಂದರೆ ಕೇಡಿನ ಬೇರುಗಳನ್ನು, ಹೇಳುತ್ತದೆ. ಈ ಮೂರರಲ್ಲಿ ಯಾವುದೇ ಒಂದು ಮನಸ್ಸನ್ನು ಆವರಿಸಿದಾಗ ಮನುಷ್ಯ ಕೊಲ್ಲುತ್ತಾನೆ, ಕೊಡದಿದ್ದುದನ್ನು ತೆಗೆದುಕೊಳ್ಳುತ್ತಾನೆ, ಸುಳ್ಳಾಡುತ್ತಾನೆ, ಇತರರಿಂದಲೂ ಅದನ್ನೇ ಮಾಡಿಸುತ್ತಾನೆ ಎಂದು ಬುದ್ಧ ಕಾಲಾಮರೆಂಬ ಜನರಿಗೆ ತಿಳಿಸುತ್ತಾನೆ. ಹುಟ್ಟಾ ದುಷ್ಟನೆಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ನನಗೆ ಈ ವಿಚಾರ ಬಹಳ ದೊಡ್ಡದೆನಿಸುತ್ತದೆ.

ಲೋಭದ ಅರ್ಥದಲ್ಲಿ ತೊಡಕಿಲ್ಲ. ಪಾಲಿಯ ‘ದೋಸ’ ಎಂದರೆ ನಮ್ಮ ‘ದ್ವೇಷ’. ಅದನ್ನು ‘ದೋಷ’ ಎಂದು ಬರೆಯದಿದ್ದರೆ ಸಾಕು. ತೊಡಕಿರುವುದು ಮೂರನೆಯದರಲ್ಲಿ. ಓದು ನಡೆದಿದ್ದಾಗ ಹಿರಿಯರೊಬ್ಬರು, ‘ಮೋಹ ಅಂದ್ರ ಮಕ್ಕಳ ಮ್ಯಾಲಿನ ಜೀವ ಅಲ್ಲೇನ್ರಿ ಸರ್, ಅದು ಇನ್ನೊಬ್ಬರಿಗಿ ಹ್ಯಾಂಗ ಕೇಡು ಮಾಡ್ತದ?’ ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದುದು. ಅರಿಷಡ್ವರ್ಗದ ಪಟ್ಟಿ ನಮಗೆ ಬಾಯಿಪಾಠವಾಗಿರುವುದರಿಂದ ಮೋಹವೆಂದೊಡನೆ ವ್ಯಾಮೋಹ, ಮಮತೆ ಎಂದೇ ಮನಸ್ಸಿಗೆ ಬರುತ್ತದೆ. ಹಾಗೆ ತಿಳಿದರೆ ಅದು ಲೋಭದ ತಮ್ಮನಾಗಿ, ಮೂರು ಮೂಲಗಳು ಎರಡೇ ಆಗುತ್ತವೆ. ಬೌದ್ಧರ ಮೋಹವಾದರೋ, ಇದ್ದದ್ದು ಇದ್ದ ಹಾಗೆ ಕಾಣದಿರುವಿಕೆ.

ತೊಗರಿ ಹೊಲದ ಬದುವಿನ ಜಗಳವನ್ನೇ ನೋಡಿ. ಅಣ್ಣ ವರ್ಷವರ್ಷವೂ ಒಂದೊಂದು ಸಾಲು ಒಳಗೆ ಸರಿದು ನೇಗಿಲು ಹೊಡೆಯುವುದು ಲೋಭ, ತಮ್ಮ ಕೊಡಲಿ ಹಿಡಿದು ಬರುವುದು ದ್ವೇಷ. ಆದರೆ ಆ ಒಂದು ಸಾಲು ಮಣ್ಣೇ ತನ್ನ ಮಾನ, ಎದುರಿಗಿರುವವನು ನೋವು ಉಣ್ಣದ ಬೇರೆಯೇ ಜಾತಿಯ ಪ್ರಾಣಿ ಎಂದು ಇಬ್ಬರಿಗೂ ತೋರುತ್ತದಲ್ಲ, ಅದಕ್ಕೆ ಯಾವ ಹೆಸರಿಡಬೇಕು?

‘ಅಜ್ಞಾನ’ ಎಂದರೆ ಓದುಬರಹ ಬಾರದವರ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಚೆನ್ನಾಗಿ ಓದಿದವರೂ ಕೇಡು ಮಾಡುತ್ತಾರೆ. ‘ಅವಿದ್ಯೆ’ ಪ್ರತೀತ್ಯಸಮುತ್ಪಾದದ, ಎಂದರೆ ದುಃಖ ಹುಟ್ಟುವ ಕಾರಣಗಳ ಸರಪಳಿಯ, ಮೊದಲ ಕೊಂಡಿಯ ಹೆಸರು, ಅದನ್ನು ಅಲ್ಲಿಗೇ ಬಿಡುವುದು ಲೇಸು. ‘ಮರುಳು’ ಎಂದರೆ ಮತ್ತೆ ಚೆಲುವಿಗೋ ಮಾತಿಗೋ ಮರುಳಾದಂತೆ ಕೇಳಿಸುತ್ತದೆ. ‘ಬುದ್ಧಿಗೆ ಮಂಕು ಕವಿದಿತ್ತು’ ಎಂಬ ನುಡಿಗಟ್ಟಿನ ‘ಮಂಕು’ ಎಲ್ಲಕ್ಕಿಂತ ಹತ್ತಿರ ಬರುತ್ತದೆ, ಆದರೆ ಜನ ಅದನ್ನು ಕೃತ್ಯ ಮುಗಿದ ಮೇಲೆ, ಬಂದು ಹೋದ ಗಳಿಗೆಯ ನೆಪವಾಗಿ ಆಡುತ್ತಾರೆ. ಅದೇ ಅಂಗುತ್ತರ ನಿಕಾಯದ ತಿಕನಿಪಾತವೆಂಬ ಭಾಗದಲ್ಲಿ ರಾಗದ (ಲೋಭದ ಜಾಗದಲ್ಲಿ ಅಲ್ಲಿ ಬರುವ ಮಾತು) ಕೇಡು ಚಿಕ್ಕದು, ಆದರೆ ನಿಧಾನಕ್ಕೆ ತೊಲಗುತ್ತದೆ; ದ್ವೇಷದ ಕೇಡು ದೊಡ್ಡದು, ಆದರೆ ಬೇಗ ತೊಲಗುತ್ತದೆ; ಮೋಹದ ಕೇಡೂ ದೊಡ್ಡದು, ತೊಲಗುವುದೂ ನಿಧಾನ ಎಂಬ ಮಾತಿದೆ. ಇಷ್ಟು ಆಳಕ್ಕೆ ಬೇರು ಬಿಟ್ಟದ್ದನ್ನು ಮಂಕು ಎಂದರೆ ಹಗುರಾಗುತ್ತದೆ ಎಂಬುದು ನನ್ನ ಅಳುಕು.

ಜೈನರ ಕರ್ಮವಿಚಾರದಲ್ಲಿ ದರ್ಶನಮೋಹನೀಯವೆಂದರೆ ಕಾಣ್ಕೆಯನ್ನೇ ಕೆಡಿಸುವ ಕರ್ಮ. ಅಲ್ಲಿ ‘ಮೋಹ’ ಈ ಅರ್ಥವನ್ನು ಉಳಿಸಿಕೊಂಡಿದೆ. ನಮ್ಮ ಜಿಲ್ಲೆಯ ಮಳಖೇಡವೇ ಒಂದು ಕಾಲಕ್ಕೆ ಜೈನ ವಿದ್ವಾಂಸರ ನೆಲೆಯಾಗಿತ್ತು. ಹಳಗನ್ನಡದ ಜೈನ ಕೃತಿಗಳಲ್ಲಿ ಇದಕ್ಕೆ ಅಚ್ಚಗನ್ನಡದ ಮಾತು ಬಳಕೆಯಾಗಿದೆಯೇ, ಇಲ್ಲವೇ ‘ಮೋಹ’ವನ್ನೇ ಇಟ್ಟುಕೊಂಡು ಟಿಪ್ಪಣಿ ಬರೆಯುವುದೇ ಸರಿಯೇ ಎಂಬುದನ್ನು ಬಲ್ಲವರು ಪ್ರಯೋಗಸಹಿತ ತಿಳಿಸಬೇಕೆಂದು ಕೋರುತ್ತೇನೆ.