ಸಹಾಯ ಬೇಕು: ಒಣಗಿದ ಫ್ರೆಟ್‌ಬೋರ್ಡ್, ಮುಂದಿನ ಗಿಟಾರಿಗೆ ಮರದ ಆಯ್ಕೆ

ಎಲ್ಲರಿಗೂ ನಮಸ್ಕಾರ. ನನ್ನ ಅಕೌಸ್ಟಿಕ್ ಗಿಟಾರಿನ ರೋಸ್‌ವುಡ್ ಫ್ರೆಟ್‌ಬೋರ್ಡ್ (ತಂತಿಗಳ ಕೆಳಗೆ ಬೆರಳು ಒತ್ತುವ ಮರದ ಪಟ್ಟಿ) ತುಂಬಾ ಒಣಗಿದೆ. ಕಪ್ಪು ಕಂದು ಬಣ್ಣ ಹೋಗಿ ಬೂದಿ ಬಳಿದ ಹಾಗೆ ಕಾಣುತ್ತದೆ. ನೆಕ್ ಅಂಚಿನಲ್ಲಿ ಕೈ ಜಾರಿಸಿದರೆ ಫ್ರೆಟ್‌ಗಳ (ಆ ಪಟ್ಟಿಗೆ ಅಡ್ಡಲಾಗಿ ಕೂರಿಸಿದ ಲೋಹದ ಕಂಬಿಗಳು) ತುದಿಗಳು ಚುಚ್ಚುತ್ತವೆ. ಗಾಳಿಯಲ್ಲಿ ತೇವ ಕಡಿಮೆಯಾದಾಗ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗಲ್ಲ. ಅದಕ್ಕೇ ಹೀಗೆ. ಈಗ ಕೇಸ್ ಒಳಗೆ ತೇವಾಂಶ 45ರಿಂದ 55% ಇರುವಂತೆ ನೋಡಿಕೊಳ್ಳುತ್ತಿದ್ದೇನೆ.

ತುದಿಗಳನ್ನು ಈಗಲೇ ಅರದಲ್ಲಿ ಉಜ್ಜಿಸಬೇಕಾ, ಇಲ್ಲ ಮರ ಮತ್ತೆ ತೇವ ಹೀರಿಕೊಳ್ಳುವವರೆಗೆ ಕಾಯಬೇಕಾ? ಮಿನರಲ್ ಆಯಿಲ್ ತೆಳುವಾಗಿ ಸವರಿ, ಉಳಿದದ್ದನ್ನು ಒರೆಸಿ ತೆಗೆದರೆ ಸಾಕಲ್ವಾ? ಅಡುಗೆ ಎಣ್ಣೆ ಮಾತ್ರ ದಯವಿಟ್ಟು ಹೇಳಬೇಡಿ, ಅದು ಕಮಟು ಹಿಡಿಯುತ್ತದೆ.

ಇನ್ನೊಂದು ಗಿಟಾರ್ ಕೂಡ ತೆಗೆದುಕೊಳ್ಳಬೇಕು. ದಿನಾ ನುಡಿಸಲು, ಜೊತೆಗೆ ಹೊತ್ತು ತಿರುಗಲು. ಫ್ರೆಟ್‌ಬೋರ್ಡ್ ಎಬೊನಿ ಮರದ್ದಿರಲಿ ಅಂತ ಆಸೆ. ರೋಸ್‌ವುಡ್‌ಗಿಂತ ಗಟ್ಟಿ, ಬೇಗ ಸವೆಯಲ್ಲ. ಆದರೆ ಒಣಗಿದರೆ ಬಿರುಕು ಬಿಡುವ ಭಯವಿದೆ. ಹಿಂಬದಿ, ಪಕ್ಕಗಳು ಲ್ಯಾಮಿನೇಟ್ (ತೆಳು ಮರದ ಪದರಗಳನ್ನು ಅಂಟಿಸಿದ್ದು) ಆದರೆ ಹವೆ ಬದಲಾದರೂ ತಡೆದುಕೊಳ್ಳುತ್ತವೆ. ಮೇಲ್ಹಲಗೆ ಮಾತ್ರ ಒಂದೇ ಮರದ್ದಾಗಿರಬೇಕು, ದನಿಯ ಜೀವ ಅಲ್ಲೇ ಇರುವುದು. ಸೀಡರ್ ಮರ ಮೆತ್ತಗೆ, ಉಗುರು ತಾಗಿದರೂ ಗುರುತು ಬೀಳುತ್ತದೆ. ಹಾಗಾಗಿ ಸ್ಪ್ರೂಸ್ ಮರದ ಕಡೆ ಮನಸ್ಸು ವಾಲಿದೆ.

ಎಬೊನಿ ಬೋರ್ಡ್ ಇರುವ ಗಿಟಾರನ್ನು ವರ್ಷಗಟ್ಟಲೆ ನುಡಿಸಿದವರು ಇದ್ದರೆ, ಅದು ಹೇಗೆ ಬಾಳಿಕೆ ಬಂತು ಅಂತ ತಿಳಿಸುತ್ತೀರಾ?