ಅಪ್‌ಡೇಟ್: ಅಜ್ಜಿಯ ಮೇಜು ರೆಡಿ

ಕಡಿಮೆ ದುಡ್ಡಲ್ಲಿ ಹಾಲ್‌ಗೆ ಶ್ಯಾಬಿ ಶಿಕ್ ಲುಕ್ (ಬೇಕಂತಲೇ ಹಳೇದಾಗಿ ಸವೆದ ಹಾಗೆ ಕಾಣೋ ಅಂದ) ಕೊಡೋದು ಹೇಗೆ, ಅದಕ್ಕೆ ಬಳಸೋ ಚಾಕ್ ಪೇಂಟ್ (ಸೀಮೆಸುಣ್ಣದ ಹಾಗೆ ಹೊಳಪಿಲ್ಲದ ಬಣ್ಣ) ಬಹಳ ದುಬಾರಿ ಅಂತ ಕೇಳಿದ್ದೆನಲ್ಲ, ಕೆಲಸ ಮುಗೀತು. ನೀವು ಹೇಳಿದ ಹಾಗೆ ಪೇಂಟ್ ಮನೇಲೇ ಕಲಸಿದೆ: ಒಂದು ಕಪ್ ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ನೀರಲ್ಲಿ ಗಂಟಿಲ್ಲದ ಹಾಗೆ ಕದಡಿ ಮೂರು ಕಪ್ ಮ್ಯಾಟ್ ಎಮಲ್ಷನ್‌ಗೆ (ಗೋಡೆಗೆ ಹಚ್ಚೋ ಹೊಳಪಿಲ್ಲದ ಪೇಂಟ್) ಸೇರಿಸಿದ್ದು. ಬೇಗ ಗಟ್ಟಿಯಾಗುತ್ತೆ, ಸ್ವಲ್ಪ ಸ್ವಲ್ಪವೇ ಕಲಸಿ.

ಅಸಲಿ ಮಜಾ ಮೇಣದಬತ್ತಿಯದ್ದು. ಮೇಜಿನ ಅಂಚು, ಡ್ರಾಯರ್ ಹಿಡಿಯ ಸುತ್ತ, ಹೀಗೆ ಕೈ ತಾಗಿ ಸವೆಯೋ ಜಾಗಕ್ಕೆಲ್ಲ ಮೊದಲು ಮೇಣ ಉಜ್ಜಿ, ಮೇಲೆ ಕೆನೆ ಬಣ್ಣ ಹಚ್ಚಿದೆ. ಒಣಗಿದ ಮೇಲೆ 220ರ (ನಯವಾದ) ಸ್ಯಾಂಡ್‌ಪೇಪರ್‌ನಲ್ಲಿ ಹಗುರವಾಗಿ ತಿಕ್ಕಿದರೆ, ಮೇಣದ ಮೇಲೆ ಬಣ್ಣ ಗಟ್ಟಿಯಾಗಿ ಹಿಡಿಯದ ಕಾರಣ, ಅಲ್ಲಲ್ಲೇ ಬಣ್ಣ ಕಿತ್ತು ಒಳಗಿನ ತೇಗ ಇಣುಕುತ್ತೆ.

ಪರದೆಗೆ ಅಮ್ಮನ ಹಳೇ ವಾಯಿಲ್ ಸೀರೆ ಸಾಕಾಯ್ತು. "ಕಷ್ಟಪಟ್ಟು ಬಣ್ಣ ಹಚ್ಚಿ ಮತ್ತೆ ಕೆರೀತಾರಾ ಯಾರಾದ್ರೂ?" ಅಂತ ಅವರ ಗೊಣಗಾಟ ಇನ್ನೂ ನಿಂತಿಲ್ಲ. ಗೋಡೆಗೆ ಮಾತ್ರ ಕೈ ಹಚ್ಚಿಲ್ಲ. ಬಾಡಿಗೆ ಮನೆ, ಅಡ್ವಾನ್ಸ್ ವಾಪಸ್ ಬೇಕಲ್ಲ!